ಚೌಕದೊಳಗಿನ ಹುಲ್ಲು

"ಅಜ್ಜಿ ಜೋಡಿ ಹೋಗೋದಿದ್ರ ಹೋಗ್ಲಿ, ಇಲ್ಲಾಂದ್ರ ಬ್ಯಾಡ," ಎಂದ ನನ್ನ ಅಳಿಯ. ಮೊಮ್ಮಗಳು ಓದಿನ ಕೆಲಸಕ್ಕೆಂದು ದೇವದುರ್ಗದ ಕಡೆಯ ಗುಡ್ಡಕ್ಕೆ ಹೋಗಬೇಕಾಗಿತ್ತು. ನೀನು ಬರುತ್ತೀಯಾ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಮುದುಕಿ ಮನೆಯಲ್ಲೇ ಇರುತ್ತಾಳೆ, ಚಪ್ಪಲಿ ಮೆಟ್ಟು ಅಂದರೆ ಮೆಟ್ಟುತ್ತಾಳೆ ಎಂದು ಅವರೆಲ್ಲರ ಎಣಿಕೆ. ಎಣಿಕೆ ಸರಿಯಾಗಿಯೇ ಇತ್ತು. ರಾಯಚೂರಿನ ಆ ಎರಡು ಕೋಣೆಯ ಮನೆಯಲ್ಲಿ ಟಿವಿ ನೋಡಿ ನೋಡಿ ನನಗೂ ಸಾಕಾಗಿತ್ತು.

ಅಳಿಯ ಕೆಟ್ಟವನಲ್ಲ. ಶಕ್ತಿನಗರದ ಕರೆಂಟು ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಕೆಲಸ ಮಾಡುತ್ತಾನೆ, ಮೈಮೇಲೆ ಬೂದಿ ಹೊತ್ತು ಮನೆಗೆ ಬರುತ್ತಾನೆ. ಮಗಳನ್ನು ಎಂ.ಎಸ್ಸಿ.ವರೆಗೆ ಓದಿಸಿದ್ದಾನೆ. ಆದರೆ ಹಿಂದಿನ ವರ್ಷ ಅವಳಿಗೆ ಕಾಮಣಿ ಆಗಿ ಕಣ್ಣು ಉಗುರೆಲ್ಲ ಹಳದಿ ತಿರುಗಿ ಇಡೀ ವರ್ಷ ಹೋಯಿತು. ಜೊತೆಗಿದ್ದ ಹುಡುಗಿಯರೆಲ್ಲ ಮುಗಿಸಿ ಹೊರಬಿದ್ದರು. ಹೀಗಾಗಿ ಅವನು ಮೊದಲೇ ಹೇಳಿಬಿಟ್ಟಿದ್ದ: "ಈ ವರ್ಷ ಮುಗಿದ್ರ ಛಲೋ. ಇನ್ನೊಂದು ವರ್ಷ ಅಂದ್ರ ನನ್ನ ಕಡಿಂದ ಆಗಂಗಿಲ್ಲವ್ವಾ."

ಉಳಿದವರು ಕಾಲೇಜಿನ ಕೋಣೆಯಲ್ಲಿ ಕುಳಿತು ಮಾಡುವ ಕೆಲಸ ಹಿಡಿದಿದ್ದರು. ಇವಳು ಹಿಡಿದದ್ದು ಗುಡ್ಡದ ಹುಲ್ಲು. ಹುಲ್ಲು ನಮ್ಮ ಕಡೆ ಮಳೆಗೆ ಮಾತ್ರ ಬರುತ್ತದೆ. ಈ ಮಳೆಗಾಲದಲ್ಲಿ ಅವಳ ಕೆಲಸ ಕೆಟ್ಟರೆ ಮುಂದಿನ ಮಳೆಯ ತನಕ ಕಾಯಬೇಕು, ಅಪ್ಪ ಕಾಯುವವನಲ್ಲ. ಇಷ್ಟು ನನಗೂ ತಿಳಿದಿತ್ತು. ಸುಲಭದ್ದು ಹಿಡಿಯಬಾರದಿತ್ತೇ ಎಂದು ಕೇಳಿದೆ. "ಸುಲಭದ್ದರಾಗ ನನಗ ಮನಸಿಲ್ಲಜ್ಜಿ," ಅಂದಳು.

ದೇವದುರ್ಗದ ಹತ್ತಿರ ನನ್ನ ತವರು. ತಮ್ಮ ಇನ್ನೂ ಅಲ್ಲೇ ಇದ್ದಾನೆ, ಗುಡ್ಡ ಅವನ ಹೊಲದ ಹಿಂದೆಯೇ. ಹದಿನೈದು ದಿನಕ್ಕೊಮ್ಮೆ ಶನಿವಾರ ಬಸ್ಸು ಹತ್ತುವುದು, ತಮ್ಮನ ಮನೆಯಲ್ಲಿ ಉಳಿಯುವುದು, ಸೋಮವಾರ ತಿರುಗಿ ಬರುವುದು ಎಂದು ಮಾತಾಯಿತು.

ಬಸ್ಸಿನಲ್ಲಿ ಅವಳು ನನಗೆ ಪಾಠ ಹೇಳುತ್ತಿದ್ದಳು. ನಾನು ಓದಿದ್ದು ಮೂರನೇ ಇಯತ್ತೆ. ಅವಳ ಮಾತುಗಳು ನನ್ನ ನಾಲಿಗೆಗೆ ತೊಡಕಾಗುತ್ತಿದ್ದವು, ಆದರೂ ಅರ್ಥ ಮಾಡಿಕೊಳ್ಳಲು ತೊಂದರೆಯಾಗಲಿಲ್ಲ. ಕ್ವಾಡ್ರಾಟ್ ಎಂದರೆ ನೆಲದ ಮೇಲೆ ಅಳೆದು ಗುರುತು ಹಾಕಿದ ಚೌಕ. ಇಡೀ ಗುಡ್ಡದ ಗಿಡ ಎಣಿಸಲು ಯಾರಿಂದಾಗುತ್ತದೆ? ಅಲ್ಲಲ್ಲಿ ಚೌಕ ಹಾಕಿ ಅದರೊಳಗಿನದನ್ನು ಎಣಿಸುವುದು. ಸಿರವಾರದ ಸಂತೆಯಲ್ಲಿ ವ್ಯಾಪಾರಿ ಜೋಳದ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ಹೊರಗೆ ತೆಗೆದು ನೋಡುತ್ತಾನಲ್ಲ, ಹಾಗೆ. ಅದೂ ಒಂದೇ ಕಡೆ ಚುಚ್ಚಿದರೆ ಮೋಸ ಹೋಗುತ್ತಾನೆ. ಮೇಲೆ, ಕೆಳಗೆ, ನಡುವೆ ಚುಚ್ಚಬೇಕು. ಇದನ್ನು ನಾನು ಹೇಳಿದಾಗ ಅವಳಿಗೆ ಖುಷಿಯಾಯಿತು.

ಟ್ರಾನ್ಸೆಕ್ಟ್ ಎಂದರೆ ಟೇಪು ಹಿಡಿದು ಒಂದೇ ನೇರಕ್ಕೆ ನಡೆಯುತ್ತಾ ಎರಡೂ ಬದಿಗೆ ಕಂಡದ್ದನ್ನು ಬರೆಯುವುದು. ಬಂಡೆ ಬಂದರೆ ಬಂಡೆ ಹತ್ತಬೇಕು, ಮುಳ್ಳು ಬಂದರೆ ಮುಳ್ಳಿನಲ್ಲೇ ಹೋಗಬೇಕು.

"ಅಲ್ಲೇ ಕಾಲುದಾರಿ ಅದಲ್ಲ, ಮುಳ್ಳಿನಾಗ ಯಾಕ ಹಾಯ್ಬೇಕು?" ಅಂದೆ.

"ಕಾಲುದಾರಿ ಹಿಡದ್ರ ಕಾಲುದಾರಿ ಸುದ್ದಿ ಅಷ್ಟೇ ಗೊತ್ತಾಗ್ತದ."

ಇದು ನನಗೆ ಹಿಡಿಸಿತು. ಕ್ಯಾನೊಪಿ ಹಿಡಿಸಲಿಲ್ಲ. ಮರಗಳ ತಲೆ ತಲೆ ಕೂಡಿ ಆಗುವ ಚಪ್ಪರವಂತೆ. ನಮ್ಮ ಗುಡ್ಡದಲ್ಲಿ ಇರುವುದು ಬಂದರಿಕೆ, ಕವಳಿ, ಸೀತಾಫಲದ ಕಂಟಿ, ಎದ್ದು ನಿಂತರೆ ನನ್ನ ಸೊಂಟಕ್ಕೆ ಬರುವಂಥವು. "ಎಲ್ಲದ ಬೇ ನಿನ್ನ ಚಪ್ಪರ?" ಎಂದು ಕೇಳಿದರೆ, "ಇಲ್ಲಾಂದ್ರ ಸೊನ್ನಿ ಬರೀತೀನಿ. ಸೊನ್ನಿನೂ ಬರೀಬೇಕಜ್ಜಿ, ಬಿಡಂಗಿಲ್ಲ," ಅಂದಳು. ಸಕ್ಸೆಷನ್ ಎಂಬುದೊಂದಿತ್ತು. ಬೋಳಾದ ನೆಲಕ್ಕೆ ಮೊದಲು ಹುಲ್ಲು ಬರುತ್ತದೆ, ಹುಲ್ಲು ಮಣ್ಣು ಹಿಡಿದ ಮೇಲೆ ಕಂಟಿ, ಕಂಟಿಯ ನೆರಳಲ್ಲಿ ಮರದ ಸಸಿ. ಸೊಸೆ ಬಂದು ಅತ್ತೆಯನ್ನು ಮೂಲೆಗೆ ಕೂರಿಸುವ ಹಾಗೆ ಆಮೇಲೆ ಬಂದದ್ದು ಮೊದಲಿದ್ದದ್ದನ್ನು ಸರಿಸುತ್ತದೆ. ಇದನ್ನು ನಾನು ಹೇಳಿದೆ. ಅವಳು ನಗುತ್ತಾ ಬರೆದುಕೊಂಡಳು.

ಗುಡ್ಡದ ಒಂದು ಪಕ್ಕಕ್ಕೆ ಅರಣ್ಯದವರು ತಂತಿ ಬೇಲಿ ಹಾಕಿದ್ದರು. ಒಳಗೆ ಕುರಿ, ದನ ಹೋಗುವುದಿಲ್ಲ. ಹೊರಗೆ ಬೇಕಾದಷ್ಟು ಮೇಯುತ್ತವೆ. ಅವಳ ಕೆಲಸ ಇಷ್ಟೇ. ಬೇಲಿಯ ಒಳಗೆ ಕೆಲವು ಚೌಕ, ಹೊರಗೆ ಕೆಲವು ಚೌಕ. ಮಳೆಗಾಲದುದ್ದಕ್ಕೂ ಎರಡನ್ನೂ ಎಣಿಸಿ, ಕುರಿ ಮೇಯ್ದ ನೆಲದಲ್ಲಿ ಏನು ಉಳಿಯುತ್ತದೆ, ಮೇಯದ ನೆಲದಲ್ಲಿ ಏನು ಬೆಳೆಯುತ್ತದೆ ಎಂದು ತೋರಿಸುವುದು. ಎರಡೂ ಇದ್ದರೇ ಲೆಕ್ಕ. ಒಂದು ಹೋದರೆ ಇನ್ನೊಂದಕ್ಕೆ ಬೆಲೆ ಇಲ್ಲ.

ನಾನು ಟೇಪಿನ ತುದಿ ಹಿಡಿಯುತ್ತಿದ್ದೆ. ಗಿಡದ ಹೆಸರು ಹೇಳುತ್ತಿದ್ದೆ. ಹುಟ್ಟಿದ್ದು ಕುರಿ ಕಾಯುವವರ ಮನೆಯಲ್ಲಿ, ಆ ಗುಡ್ಡದಲ್ಲೇ ಬೆಳೆದವಳು, ನನಗೆ ಗೊತ್ತಿಲ್ಲದ್ದೇನು ಎಂಬ ಗರ್ವ ಇತ್ತು. ಒಂದು ದಿನ ಒಂದು ಹುಲ್ಲನ್ನು ತೋರಿಸಿ ಕೇಳಿದಳು, ಊಬಿನ ಹುಲ್ಲು ಅಂದೆ. ಇನ್ನೊಂದನ್ನು ತೋರಿಸಿದಳು. ಅದೂ ಊಬಿನ ಹುಲ್ಲೇ. "ಗಿಣ್ಣು ನೋಡು," ಎಂದು ಎರಡನ್ನೂ ನನ್ನ ಕಣ್ಣ ಹತ್ತಿರ ಹಿಡಿದಳು. ಒಂದರ ಗಿಣ್ಣಿಗೆ ಸಣ್ಣ ಬಿಳಿ ಕೂದಲು, ಇನ್ನೊಂದು ನುಣ್ಣಗೆ. ಎರಡು ಬೇರೆ ಬೇರೆ ಹುಲ್ಲು. ಜೀವಮಾನವೆಲ್ಲ ಅದರ ಮೇಲೆ ಮಲಗಿದ್ದೇನೆ, ಸೆರಗಿನಿಂದ ಅದರ ಊಬು ಕಿತ್ತಿದ್ದೇನೆ, ಕೂದಲು ಕಂಡಿರಲಿಲ್ಲ. ಅವತ್ತಿನಿಂದ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಲು ಕಲಿತೆ.

ಚೌಕದ ಗುರುತು ಉಳಿಯುವುದೇ ದೊಡ್ಡ ಕಷ್ಟವಾಯಿತು. ಮೊದಲು ಮೂಲೆಗೆ ಬಿದಿರಿನ ಗೂಟ ಹೊಡೆದು ನೂಲು ಎಳೆದು ಕೆಂಪು ಬಟ್ಟೆ ಕಟ್ಟಿದಳು. ಮುಂದಿನ ಸಲ ಹೋದರೆ ಗೂಟ ಯಾರದೋ ಒಲೆಗೆ ಹೋಗಿತ್ತು, ನೂಲನ್ನು ಆಡು ತಿಂದಿತ್ತು. ಬೇಲಿಯ ಹೊರಗಿನ ಒಂದು ಚೌಕವೂ ಸಿಗಲಿಲ್ಲ. ಅವಳು ಬಂಡೆಯಿಂದ ಬಂಡೆಗೆ ಅಲೆದು ಮತ್ತೆ ಅಳೆದು ಮತ್ತೆ ಹಾಕಬೇಕಾಯಿತು.

ಆ ವಾರ ಮಾನ್ವಿಯಲ್ಲಿ ನನ್ನ ಮಗನ ಮನೆಗೆ ಹೋಗಿದ್ದೆವು. ಅಲ್ಲಿನ ಬಣ್ಣದ ಅಂಗಡಿಗೆ ಅವಳು ನನ್ನನ್ನು ಕರೆದುಕೊಂಡು ಹೋದಳು. ಅಂಗಡಿಯ ಚಾಚಾ ನಮಗೆ ಹಳಬ, ಒಳಗೆ ಹೆಂಡತಿಯ ಜೊತೆ ಉರ್ದುವಿನಲ್ಲಿ ಜಗಳ, ಹೊರಗೆ ನಮ್ಮ ಜೊತೆ ಕನ್ನಡದಲ್ಲಿ ನಗು. ದೂರದಿಂದ ಕಾಣುವ ಹಾಗೆ ಕಲ್ಲಿಗೆ ಹಚ್ಚಲು ಏನಿದೆ ಎಂದು ಇವಳು ಕೇಳಿದಳು.

"ಪೇಂಟು ಯಾಕ ಬೇಟೀ, ಸುಮ್ಮನ ರೊಕ್ಕ ದಂಡ. ಸುಣ್ಣಾ ಬಳೀರಿ, ಅದರ ಮ್ಯಾಲ ಕೆಮ್ಮಣ್ಣಿನ ಪಟ್ಟಿ ಎಳೀರಿ. ಎಷ್ಟು ದೂರಿದ್ರೂ ಕಣ್ಣಿಗೆ ಹೊಡೀತದ."

ಹಾಗೇ ಮಾಡಿದೆವು. ಪ್ರತಿ ಚೌಕದ ನಾಲ್ಕು ಮೂಲೆಗೆ ಮೊಳಕಾಲೆತ್ತರದ ಕಲ್ಲು ನಿಲ್ಲಿಸಿ ಸುಣ್ಣ ಬಳಿದು ನಡುವೆ ಕೆಂಪು ಪಟ್ಟಿ ಎಳೆದಳು. ಬಿಸಿಲಿಗೆ ಒಣಗಿದ ಮೇಲೆ ನೋಡಲು ಚೆನ್ನಾಗಿತ್ತು. ನಮ್ಮ ಸೀಮೆಯಲ್ಲಿ ಬೇವಿನ ಬುಡದಲ್ಲಿ, ಹೊಲದ ಬದುವಿನಲ್ಲಿ, ಊರ ಅಗಸಿ ಬಾಗಿಲಲ್ಲಿ ಸುಣ್ಣ ಕೆಮ್ಮಣ್ಣು ಹಚ್ಚಿದ ಕಲ್ಲು ಏನು ಎಂದು ತೊಟ್ಟಿಲ ಕೂಸಿಗೂ ಗೊತ್ತು. ನನಗೆ ಹೊಳೆಯಲಿಲ್ಲ. ನನ್ನ ಕಣ್ಣಿಗೆ ಅದು ಅವಳ ಕಾಲೇಜಿನ ಕಲ್ಲು.

ಅದಾದ ಮೇಲೆ ಅವಳಿಗೆ ಪರೀಕ್ಷೆ ಬಂತು, ನನಗೆ ಜ್ವರ ಬಂತು. ಶ್ರಾವಣ ಮುಗಿಯುತ್ತಾ ಬಂದಾಗ ಹೋದೆವು. ಮಳೆ ಚೆನ್ನಾಗಿ ಆಗಿತ್ತು. ಬೇಲಿಯ ಹೊರಗಿನ ಗುಡ್ಡವನ್ನೆಲ್ಲ ಕುರಿ ನೆಕ್ಕಿ ಬಿಟ್ಟಿದ್ದವು, ನಡುನಡುವೆ ಅವಳ ಚೌಕ ಮಾತ್ರ ಹಸಿರು ಚಾಪೆ ಹಾಸಿದ ಹಾಗೆ. ಹುಲ್ಲು ಮೊಳಕಾಲಿಗೆ ಬರುತ್ತಿತ್ತು, ತುದಿಗೆ ತೆನೆ ಬೇರೆ. ಅವಳು ಮೊದಲು ಕೈ ತಟ್ಟಿ ನಕ್ಕಳು. ನಾಲ್ಕು ಹೆಜ್ಜೆ ಹೋದ ಮೇಲೆ ನಗು ನಿಂತಿತು.

"ಅಜ್ಜೀ, ಇದು ಹಿಂಗ ಇರಬಾರದಿತ್ತು. ಇಲ್ಲಿ ಕುರಿ ಮೇಯ್ಬೇಕಿತ್ತು."

ಹತ್ತಿರ ಹೋದೆವು. ಕಲ್ಲಿನ ನೆತ್ತಿಗೆ ಭಂಡಾರ, ಅಂದರೆ ಅರಿಷಿಣದ ಪುಡಿ, ಹಚ್ಚಿತ್ತು. ಬುಡದಲ್ಲಿ ತೆಂಗಿನ ಚಿಪ್ಪು. ಒಂದು ಕಲ್ಲಿಗೆ ಹಸಿರು ಬಳೆ ತೊಡಿಸಿದ್ದರು. ಇನ್ನೊಂದು ಚೌಕಕ್ಕೆ ಹೋದೆವು, ಅಲ್ಲೂ ಹಾಗೆಯೇ. ಅವಳು ನೆಲಕ್ಕೆ ಕುಳಿತಳು.

ಅಷ್ಟು ಹೊತ್ತಿಗೆ ಕೆಳಗಿನಿಂದ ಒಂದು ಕೂಗು ಬಂತು. "ಯಾರ್ ಬೇ ಅದು, ಕಾಲಾಗ ಚಪ್ಲಿ ಹಾಕ್ಕೊಂಡು ಅಲ್ಲಿ ನಿಂತಾಕಿ?"

ನನ್ನ ವಾರಗಿತ್ತಿ. ನನ್ನ ಗಂಡನ ದೊಡ್ಡಪ್ಪನ ಮಗನ ಹೆಂಡತಿ. ನಾನು ಮದುವೆಯಾಗಿ ಹೋದ ಊರು ಮಾನ್ವಿ ಕಡೆಯ ಹಿರೇಕೊಟ್ನೆಕಲ್. ಅಲ್ಲಿ ಗದ್ದೆಗೆ ನೀರು ಬಿಟ್ಟ ಮೇಲೆ ಕೆಸರಿನಲ್ಲಿ ನಿಂತು ಕುರಿಯ ಗೊರಸು ಕೊಳೆಯುತ್ತದೆ. ಆದ್ದರಿಂದ ಮಳೆಗಾಲಕ್ಕೆ ಅವರೆಲ್ಲ ಹಿಂಡು ಹೊಡೆದುಕೊಂಡು ಈ ಒಣ ಗುಡ್ಡಕ್ಕೆ ಬಂದು ಹಟ್ಟಿ ಹಾಕುತ್ತಾರೆ. ಮಗ ಸೊಸೆ ಇದ್ದರೂ ಹಿಂಡಿನ ಮುಂದೆ ಇವಳೇ. ನನಗಿಂತ ಸ್ವಲ್ಪ ಚಿಕ್ಕವಳು, ಬಾಯಿ ಮಾತ್ರ ನನಗಿಂತ ದೊಡ್ಡದು.

"ನೀನೇನ್ ಬೇ!" ಎಂದು ಹತ್ತಿರ ಬಂದಳು. "ರಾಯಚೂರಾಗ ಫ್ಯಾನ್ ಕೆಳಗ ಕುಂತಾಕಿ ಅಂತಿದ್ರು, ಇನ್ನೂ ಗುಡ್ಡಾ ಹತ್ತಾಕತ್ತೀಯಾ?"

"ನೀ ಇನ್ನೂ ಬದುಕೀಯಲ್ಲ, ನಾ ಹತ್ತಬಾರದೇನು?"

ಇಬ್ಬರೂ ನಕ್ಕೆವು. ನಗುವುದು ಮುಗಿದ ಮೇಲೆ ಕೇಳಿದೆ, ಈ ಚೌಕದೊಳಗೆ ಕುರಿ ಯಾಕೆ ಬಿಟ್ಟಿಲ್ಲ ಎಂದು.

ಅವಳು ಕೆನ್ನೆ ಬಡಿದುಕೊಂಡಳು. "ದೇವಿ ಅಕ್ಕತಂಗೇರು ಬಂದು ಕುಂತಾರ, ಕಾಣಂಗಿಲ್ಲೇನ್? ನಾಕ್ ನಾಕ್ ಮಂದಿ, ಗುಡ್ಡದ ತುಂಬಾ. ಅವರ ಅಂಗಳದಾಗ ಕುರಿ ಬಿಡ್ತಾರೇನ್ ಬೇ ಯಾರರ?"

"ಅಕ್ಕತಂಗೇರಲ್ಲ ಬೇ, ನನ್ನ ಮೊಮ್ಮಗಳು. ಆಕಿನ ಇಟ್ಟಾಳ, ಓದಾಕ. ಮಾನ್ವಿ ಚಾಚಾನ ಅಂಗಡ್ಯಾಗಿನ ಸುಣ್ಣ ಅದು."

"ಆಕಿ ಇಟ್ಟಳಾ? ಛಲೋ ಆತು." ಅವಳಿಗೆ ಒಂದಿಷ್ಟೂ ಪೆಟ್ಟು ಬೀಳಲಿಲ್ಲ. "ಯಾರರ ಇಡಬೇಕಲ್ಲ! ದೇವರು ತಾನ ನಡಕೋತ ಬಂದು ಕುಂದರ್ತದೇನು? ನಮ್ಮೂರ ಗುಡಿ ಕಲ್ಲೂ ಒಬ್ಬಾಂವ ಗಾಡ್ಯಾಗ ಹೇರಿಕೊಂಡು ಬಂದು ಇಟ್ಟದ್ದ."

ಮೊಮ್ಮಗಳು ಎದ್ದು ಬಂದು ತಾನೇ ಬಿಡಿಸಿ ಹೇಳಿದಳು, ಇದು ಅಳತೆಯ ಗುರುತು, ಕುರಿ ಎಂದಿನಂತೆ ಇದರೊಳಗೂ ಮೇಯಬೇಕು, ಮೇಯದಿದ್ದರೆ ತನ್ನ ಓದು ಕೆಡುತ್ತದೆ, ಈ ವರ್ಷ ಹೋಗುತ್ತದೆ ಎಂದು. ವಾರಗಿತ್ತಿ ಅವಳ ಗಲ್ಲ ಹಿಡಿದು ಎಲ್ಲವನ್ನೂ ಕೇಳಿದಳು. ಕಣ್ಣಲ್ಲಿ ನೀರೂ ಬಂತು. ಆದರೆ ಬಗ್ಗಲಿಲ್ಲ.

"ಯವ್ವಾ ನನ್ನ ಕೂಸ, ನಿನ್ನ ಓದು ಕೆಡಬಾರದು ಖರೆ. ಆದ್ರ ನನ್ನ ಸೊಸಿಗೆ ಎಂಟು ತಿಂಗಳು. ನಾ ಇಲ್ಲಿ ಕುರಿ ಬಿಟ್ಟು ನಾಳಿ ಆಕಿಗೆ ಏನರ ಆದ್ರ, ಕಲ್ಲು ಕಾಲೇಜಿಂದು ಅಂತ ನನ್ನ ನಾ ಸಮಾಧಾನ ಮಾಡ್ಕೋಳ್ಲೇನು?"

ಆ ಸೊಸೆಗೆ ಹಿಂದೆ ಎರಡು ಸಲ ಬಸಿರು ಇಳಿದಿತ್ತು ಎಂದು ನನಗೆ ಗೊತ್ತಿತ್ತು. ಮೊಮ್ಮಗಳಿಗೆ ಗೊತ್ತಿರಲಿಲ್ಲ. ಇಳಿಯುವಾಗ ಹೇಳಿದೆ.

ರಾತ್ರಿ ಊಟಕ್ಕೆ ಕುಳಿತಾಗ ತಮ್ಮ ತನ್ನ ಬುದ್ಧಿ ಓಡಿಸಿದ. "ಇಷ್ಟಕ್ಕ ಯಾಕ ಅಳ್ತಿ? ನಸಿಕಿನ್ಯಾಗ ಕುಡಗೋಲು ತಗೊಂಡು ಹೋಗಿ ಬೋಳಿಸಿ ಬರ್ತೀನಿ. ಕುರಿ ಮೇದಂಗ ಕಾಣ್ತದ. ನಿಮ್ಮ ಸರ್ ಏನು ಹುಲ್ಲಿನ ಬಾಯಿ ಬಿಡಿಸಿ ಕೇಳ್ತಾನೇನು?"

"ಕುಡಗೋಲು ಎಲ್ಲಾನೂ ಕೊಯ್ತದ ಅಜ್ಜಾ. ಕುರಿ ಆರಿಸಿ ತಿಂತದ," ಅಂದಳು. ತಾಟು ಸರಿಸಿ, "ಮತ್ತ ಅದು ಸುಳ್ಳು," ಎಂದಳು. ರೊಟ್ಟಿ ಹಾಗೇ ಬಿಟ್ಟು ಎದ್ದಳು. ಆ ದಿನದಿಂದ ಅವಳ ಊಟ ಕಡಿಮೆಯಾಯಿತು. ಕಾಮಣಿ ಆದವಳು, ನನಗೆ ಹೆದರಿಕೆ.

ನನಗೆ ಒಂದು ದಾರಿ ಹೊಳೆದಿತ್ತು. ನಮ್ಮ ಹಟ್ಟಿಗಳಲ್ಲಿ ಒಂದು ಪದ್ಧತಿ ಇದೆ. ಎಲ್ಲಿ ಹಟ್ಟಿ ಹಾಕಿದರೂ ಒಂದು ಕಲ್ಲು ನಿಲ್ಲಿಸಿ ಭಂಡಾರ ಹಚ್ಚುತ್ತೇವೆ, ಇರುವಷ್ಟು ದಿನ ಅದು ದೇವರು. ಹಟ್ಟಿ ಕಿತ್ತು ಹೊರಡುವ ದಿನ ಹಾಲು ಎರೆದು, ಎದ್ದು ನಮ್ಮ ಸಂಗಡ ನಡಿಯಪ್ಪಾ ಎಂದು ಬೇಡಿಕೊಂಡು ಕಲ್ಲನ್ನು ಬೋರಲು ಮಲಗಿಸುತ್ತೇವೆ. ಆಮೇಲೆ ಅದು ಬರೀ ಕಲ್ಲು, ಅದರ ಮೇಲೆ ಕೂತು ಬೀಡಿ ಸೇದಿದರೂ ಯಾರೂ ಕೇಳುವುದಿಲ್ಲ. ಈ ಅಕ್ಕತಂಗೇರನ್ನೂ ಹಾಗೇ ಎಬ್ಬಿಸಿ ಕಳಿಸಿದರೆ ಆಯಿತಲ್ಲ? ಮರುದಿನ ಬೆಳಿಗ್ಗೆ ಹಟ್ಟಿಗೆ ಹೋಗಿ ವಾರಗಿತ್ತಿಗೆ ಹೇಳಿದೆ.

ಅವಳು ಕುರಿಯ ಕಾಲಿನ ಮುಳ್ಳು ತೆಗೆಯುತ್ತಾ ಕೇಳಿಸಿಕೊಂಡಳು. "ಎಬ್ಬಿಸಬಹುದು. ಯಾಕ ಬಾರದು? ಆದ್ರ ಮಾನೌಮಿ ಆಗ್ಲಿ. ಮಳ್ಯಾಗ ಬಂದವರನ್ನ ಮಳ್ಯಾಗ ಹೊರಗ ಹಾಕ್ತಾರೇನ್ ಬೇ? ನಿನ್ನ ಮನಿಗೆ ಬಂದ ಹೆಣ್ಣಮಕ್ಕಳನ್ನ ಹಿಂಗ ಕಳಿಸ್ತೀಯೇನು?"

ಮಹಾನವಮಿಗೆ ಮಳೆ ಮುಗಿಯುತ್ತದೆ, ಹುಲ್ಲು ಒಣಗುತ್ತದೆ. ಅಷ್ಟು ಹೊತ್ತಿಗೆ ಇವಳ ಕೆಲಸವೂ ಮುಗಿಯುತ್ತದೆ. ಇನ್ನೂ ಒತ್ತಿ ಹೇಳಬಹುದಿತ್ತು. ಸೊಸೆ ಕಂಬಳಿಯ ಮೇಲೆ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದಳು. ಎದ್ದು ಬಂದೆ.

ಮೊಮ್ಮಗಳು ಗೈಡಿಗೆ ಫೋನು ಮಾಡಿದಳು. ಗೈಡ್ ಎಂದರೆ ಅವಳ ಕೆಲಸ ನೋಡಿ ಸಹಿ ಹಾಕಬೇಕಾದ ಮೇಷ್ಟ್ರು. ಏನೂ ಮುಚ್ಚಿಡದೆ ಹೇಳಿದಳು. ಮುಂದಿನ ಭಾನುವಾರ ನಾವು ಗುಡ್ಡದಲ್ಲಿರುವಾಗ ಅವನು ಬೈಕಿನ ಮೇಲೆ ಬಂದೇ ಬಿಟ್ಟ. ನಲವತ್ತೈದು ಐವತ್ತರ ಗಂಡಸು, ತಲೆ ಬೋಳು, ಮಾತು ಮೆಲ್ಲಗೆ. ಗುಡ್ಡ ಹತ್ತಿ ಚೌಕದ ಹತ್ತಿರ ಬರುವುದಕ್ಕೂ ವಾರಗಿತ್ತಿ ಅಡ್ಡ ನಿಲ್ಲುವುದಕ್ಕೂ ಸರಿಯಾಯಿತು.

"ಸರಾ, ಬೂಟು ಬಿಡ್ರಿ."

ಅವನು ಮೊಮ್ಮಗಳ ಮುಖ ನೋಡಿದ. ಕುಳಿತು ಬೂಟು ಬಿಚ್ಚಿ ಕಾಲುಚೀಲದಲ್ಲೇ ಒಳಗೆ ಹೋದ. ಹೊರಗೆ ಬರುವಾಗ ಎರಡೂ ಕಾಲುಚೀಲದ ತುಂಬ ಊಬು ಚುಚ್ಚಿಕೊಂಡು ಮುಳ್ಳಹಂದಿ ಆಗಿದ್ದವು. ಬಂಡೆಯ ಮೇಲೆ ಕುಳಿತು ಒಂದೊಂದೇ ಕೀಳತೊಡಗಿದ. ವಾರಗಿತ್ತಿಯೂ ಎದುರು ಕುಳಿತು ಇನ್ನೊಂದು ಕಾಲಿನದು ಕಿತ್ತಳು.

ಕೀಳುತ್ತಲೇ ಅವನು ಅಂದ: "ನೋಡವ್ವಾ, ಈ ಹೊರಗಿನ ಚೌಕ ಮೇಯ್ದ ನೆಲ ಅಂತ ತೋರಸಾಕ ಬರಂಗಿಲ್ಲ. ಅದು ಹೋತು. ಬೇಲಿ ಒಳಗಿಂದು ಅಷ್ಟ ಉಳೀತು. ಹೋಲಿಸಿ ನೋಡಾಕ ಏನೂ ಇಲ್ಲ."

"ಮುಂದಿನ ವರ್ಷ ಮಾಡು ಅಂತೀರೇನ್ ಸರ್?" ಅವಳು ಕೇಳಿದಳು.

"ಸ್ವಚ್ಛ ಕೆಲಸ ಬೇಕಂದ್ರ ಮುಂದಿನ ವರ್ಷ. ನಾ ಒತ್ತಾಯ ಮಾಡಂಗಿಲ್ಲ. ನೀ ಹೇಳು."

ಅವಳು ಚೌಕದ ಪಕ್ಕದ ಬೋಳು ನೆಲವನ್ನು ನೋಡಿದಳು. ಕೆಳಗೆ ಕುರಿಗಳು ಬ್ಯಾ ಅನ್ನುತ್ತಿದ್ದವು. ಆಮೇಲೆ ಹೇಳಿದಳು, ಈ ಚೌಕಗಳ ಪಕ್ಕದಲ್ಲೇ, ಕುರಿ ದಿನವೂ ಮೇಯುತ್ತಿರುವ ನೆಲದಲ್ಲಿ ಹೊಸ ಚೌಕ ಹಾಕುತ್ತೇನೆ, ಸುಣ್ಣ ಬಳಿಯುವುದಿಲ್ಲ, ಕಬ್ಬಿಣದ ಮೊಳೆಯನ್ನು ನೆಲಮಟ್ಟಕ್ಕೆ ಹೊಡೆದು ಬಂಡೆಯಿಂದ ಅಳತೆ ಬರೆದಿಟ್ಟುಕೊಳ್ಳುತ್ತೇನೆ ಎಂದು. ಉಳಿದ ಮಳೆಯಷ್ಟೇ ಸಿಗುತ್ತದೆ. ಆದರೆ ಆಗ ಮೂರು ಥರದ ನೆಲವಾಗುತ್ತದೆ. ಬೇಲಿಯೊಳಗೆ ವರ್ಷಗಟ್ಟಲೆ ಮೇಯದ್ದು, ದಿನವೂ ಮೇಯುವುದು, ಮತ್ತೆ ಮೇಯುತ್ತಾ ಇದ್ದು ಈ ಮಳೆಗೆ ಮಾತ್ರ ನಿಂತದ್ದು. ಏನಾಯಿತೋ ಅದನ್ನೇ ಬರೆಯುತ್ತೇನೆ. ಸುಣ್ಣ, ಕೆಮ್ಮಣ್ಣು, ಎಲ್ಲ.

"ಮಾರ್ಕ್ಸ್ ಕಡಿಮಿ ಬೀಳ್ತಾವ," ಅಂದ ಅವನು. "ಹೊರಗಿಂದ ಬಂದ ಎಕ್ಸಾಮಿನರ್ ಒಪ್ಪದನೂ ಇರಬಹುದು. ಫೇಲ್ ಅಂತ ಬರದ್ರ ನಾ ಏನೂ ಮಾಡಾಕ ಬರಂಗಿಲ್ಲ."

"ಗೊತ್ತದ ಸರ್."

"ಮತ್ತ ಇವಕ್ಕ ಏನಂತ ಹೆಸರು ಕೊಡ್ತಿ? ಬೇಲಿ ಹಾಕಿದ್ದಲ್ಲ, ಮೇದದ್ದೂ ಅಲ್ಲ."

ಅವಳು ಯೋಚಿಸುತ್ತಿದ್ದಳು. ಕಾಲುಚೀಲದಿಂದ ಕಣ್ಣೆತ್ತದೆ ವಾರಗಿತ್ತಿ ಹೇಳಿದಳು: "ಅದಕ್ಕೇನ್ರಿ ಸರಾ ಅಷ್ಟು ಯೋಚನಿ? ಬಿಟ್ಟದ್ದು ಅನ್ರಿ. ನಾವು ಹಂಗ ಅಂತೀವಿ."

ಗೈಡ್ ಅದನ್ನೇ ಬರೆದುಕೋ ಎಂದು ಸನ್ನೆ ಮಾಡಿದ. ಅದಾದ ಮೇಲೆ ಮೊಮ್ಮಗಳು ಕೇಳಿದಳು, ಯಾವಾಗಿನಿಂದ ಬಿಟ್ಟಿರಿ ಎಂದು. ಅದು ತಿಳಿಯದಿದ್ದರೆ ಲೆಕ್ಕವಿಲ್ಲ. ವಾರಗಿತ್ತಿ ನಾಗರ ಪಂಚಮಿಯಿಂದ ಅಂದಳು. ಅವಳ ಮಗ ಕೂಗಿದ, ಅಲ್ಲ ಅದರ ಮುಂಚಿನ ಅಮಾವಾಸ್ಯೆಗೇ ಎಂದು. ತಾಯಿ ಮಗ ಗುಡ್ಡ ಹಾರಿಹೋಗುವ ಹಾಗೆ ಜಗಳವಾಡಿದರು. ಕೊನೆಗೂ ಒಂದು ಮಾತಿಗೆ ಬರಲಿಲ್ಲ. ಮೊಮ್ಮಗಳು ಎರಡನ್ನೂ ಬರೆದುಕೊಂಡು ಎದುರಿಗೆ ಪ್ರಶ್ನೆಯ ಗುರುತು ಹಾಕಿದಳು.

ಹೊಸ ಚೌಕ ಹಾಕುವಾಗ ವಾರಗಿತ್ತಿ ಮೇಲೆ ನಿಂತು ನೋಡುತ್ತಿದ್ದಳು. "ಇಲ್ಲಿ ಬಣ್ಣಾ ಗಿಣ್ಣಾ ಹಚ್ಚಬ್ಯಾಡ ಮತ್ತ! ಗುಡ್ಡಾ ಎಲ್ಲಾ ನೀನ ತುಂಬಿಸಿದ್ರ ನಮ್ಮ ಕುರಿ ನಿಮ್ಮ ರಾಯಚೂರಿಗೆ ಹೊಡೀಬೇಕಾಗ್ತದ." ಮೊಮ್ಮಗಳು ಎಷ್ಟೋ ದಿನದ ಮೇಲೆ ನಕ್ಕಳು.

ಅಲ್ಲಿಂದ ಪ್ರತಿ ವಾರ ಹೋದೆವು. ಅಳಿಯನಿಗೆ ನಾನೇ ಎಲ್ಲ ಹೇಳಿದೆ. ಅವನು ತಲೆ ಕೆರೆದುಕೊಂಡು, "ದೇವರು ಆಕಿ ಓದಿನ ಮ್ಯಾಲ ಬಂದು ಕುಂತದಲ್ಲ ಅತ್ತಿ," ಅಂದ. ಬೈಯಲಿಲ್ಲ. ಇನ್ನೊಂದು ವರ್ಷದ ಮಾತು ಮಾತ್ರ ಎತ್ತಲಿಲ್ಲ, ಅವನ ಮನಸ್ಸು ಬದಲಾಗಿಲ್ಲ ಎಂದು ಅದರಿಂದಲೇ ತಿಳಿಯಿತು.

ಮಹಾನವಮಿ ಮುಗಿದ ಮೂರನೆಯ ದಿನ ವಾರಗಿತ್ತಿ ಹೇಳಿ ಕಳಿಸಿದಳು. ಹಟ್ಟಿ ಕೀಳುವ ದಿನ. ಅವಳ ಸೊಸೆ ಗಂಡು ಕೂಸು ಹೆತ್ತು ತಾಯಿಯ ಮನೆಯಲ್ಲಿ ಚೆನ್ನಾಗಿದ್ದಳು. ನಾನು, ಮೊಮ್ಮಗಳು ಹೋದೆವು. ಹೆಂಗಸರು ಒಂದೊಂದು ಚೌಕಕ್ಕೂ ಹೋಗಿ ಕಲ್ಲಿಗೆ ಕುರಿಯ ಹಾಲು ಎರೆದು, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಎದ್ದು ನಡೆಯಿರಿ ನಮ್ಮವ್ವಾ ಎಂದು ಬೇಡಿ, ಬೋರಲು ಮಲಗಿಸಿದರು. ವಾರಗಿತ್ತಿ ಕೊನೆಯ ಕಲ್ಲು ಮಲಗಿಸಿ ಕೈ ಝಾಡಿಸಿ ಮೊಮ್ಮಗಳ ಕಡೆ ನೋಡಿದಳು.

"ಬಿಡ್ಲೇನವ್ವಾ?"

ಅವಳು ಹೂಂ ಅಂದಳು. ವಾರಗಿತ್ತಿ ನಾಲಿಗೆ ಮಡಚಿ ಒಂದು ಸದ್ದು ಮಾಡಿದಳು. ಇಡೀ ಹಿಂಡು ನುಗ್ಗಿತು. ಮೊಮ್ಮಗಳು ಬೆರಳು ಹಾಕಿ ಎಣಿಸಿದ್ದ ಹುಲ್ಲು, ಅಳತೆಪಟ್ಟಿ ಹಿಡಿದು ಎತ್ತರ ನೋಡಿದ್ದ ಹುಲ್ಲು, ಒಪ್ಪತ್ತಿನಲ್ಲಿ ಹೋಯಿತು. ಅವಳ ಮುಖ ನೋಡಿದೆ. ಅವಳು ಕುರಿಯ ಬಾಯಿಗಳನ್ನೇ ನೋಡುತ್ತಿದ್ದಳು. ಮೊದಲು ಯಾವುದಕ್ಕೆ ಬಾಯಿ ಹಾಕುತ್ತವೆ, ಯಾವುದನ್ನು ಬಿಡುತ್ತವೆ, ಎಲ್ಲ. ಗಿಣ್ಣಿಗೆ ಕೂದಲಿದ್ದ ಹುಲ್ಲನ್ನು ಕುರಿ ಮೊದಲು ತಿಂದಿತು. ನುಣ್ಣನೆಯದನ್ನು ಕೊನೆಗೆ. ಅದನ್ನು ಅವಳು ಕಂಡಳು, ನಾನೂ ಕಂಡೆ. ಹಿಂಡು ಇಳಿದು ಹೋದ ಮೇಲೆ ಅವಳು ಚೌಕದೊಳಗೆ ಮಂಡಿಯೂರಿ ಉಳಿದದ್ದನ್ನು ಮತ್ತೆ ಎಣಿಸಿದಳು. ಕಂಟಿಯ ಸಸಿಗಳು ಕೆಲವು ಉಳಿದಿದ್ದವು, ಹುಲ್ಲಿನ ಮರೆಯಲ್ಲಿ ಇಷ್ಟು ದಿನ ಬೇರು ಬಿಟ್ಟಿದ್ದವು. ನೆರಳಿಲ್ಲದೆ ಎಷ್ಟು ದಿನ ಬದುಕುತ್ತವೋ ಗೊತ್ತಿಲ್ಲ ಅಂದಳು.

ಪರೀಕ್ಷೆಯ ದಿನ ಅಳಿಯನಿಗೆ ಪಾಳಿ ಇತ್ತು, ನಾನೇ ಅವಳ ಜೊತೆ ಹೋದೆ. ಹೊರಗಿನಿಂದ ಬಂದ ಎಕ್ಸಾಮಿನರ್ ಒಳಗೆ ಕುಳಿತಿದ್ದ. ನಾನು ವರಾಂಡದ ಬೆಂಚಿನ ಮೇಲೆ. ಬಾಗಿಲು ಮುಚ್ಚಿದರು. ಹಿಂದಿನವರಿಗಿಂತ ಅವಳನ್ನು ಬಹಳ ಹೊತ್ತು ಇಟ್ಟುಕೊಂಡರು. ಒಂದು ಸಲ ಒಳಗಿನಿಂದ ದೊಡ್ಡ ದನಿ ಕೇಳಿತು, ಗಂಡಸಿನದು. ಅಳಿಯನಿಗೆ ಏನು ಹೇಳುವುದು ಎಂದು ಮನಸ್ಸಿನಲ್ಲೇ ಮಾತು ಹೊಂದಿಸಿಕೊಳ್ಳತೊಡಗಿದೆ.

ಹೊರಗೆ ಬಂದಳು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

"ಭಾಳ ಕೇಳಿದ್ರಜ್ಜಿ. ಹೊಸ ಚೌಕಕ್ಕ ಅರ್ಧ ಮಳಿ ಅಷ್ಟ ಸಿಕ್ಕದ, ಇದರ ಮ್ಯಾಲ ಹೆಂಗ ನಂಬೂದು ಅಂದ್ರು. ಬಿಟ್ಟ ತಾರೀಖು ಎರಡು ಯಾಕ ಬರದೀ ಅಂದ್ರು. ಅವರಿಗೇ ಗೊತ್ತಿಲ್ಲ, ನನಗೂ ಗೊತ್ತಿಲ್ಲ ಅಂದೆ..."

"ಅದೆಲ್ಲಾ ಆಮ್ಯಾಲ ಹೇಳು ಬೇ. ಪಾಸೋ ಫೇಲೋ?"

"ಪಾಸು."

ಬೆಂಚು ಹಿಡಿದು ಎದ್ದೆ.

"ಮಾರ್ಕ್ಸ್ ಭಾಳ ಕತ್ತರಿಸ್ಯಾರ," ಎಂದಳು. ಚೀಲ ಹೆಗಲಿಗೇರಿಸಿ, "ಕತ್ತರಿಸಿದ್ದು ಸರಿ ಅದ," ಅಂದಳು.

ಅವಳ ಅಪ್ಪನಿಗೆ ಫೋನು ಹಚ್ಚಿ ಕೊಟ್ಟೆ, ನೀನೇ ಹೇಳು ಎಂದು. ಆ ಕಡೆ ಯಂತ್ರದ ಸದ್ದಿನಲ್ಲಿ ಅವನಿಗೆ ಕೇಳಿಸದೆ ಮೂರು ಸಲ ಕೂಗಿ ಹೇಳಬೇಕಾಯಿತು, ವರಾಂಡದಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು. ಅಲ್ಲಿಂದ ನಡೆದುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರ ಬಂದೆವು. ಅಲ್ಲಿ ಮಂಡಾಳ, ಅಂದರೆ ಮಂಡಕ್ಕಿಯ ಒಗ್ಗರಣೆ, ಮಿರ್ಚಿ ಮಾಡುವ ಅಂಗಡಿ ಇದೆ. ಅವಳು ಒಂದು ಪ್ಲೇಟ್ ಮುಗಿಸಿ ಇನ್ನೊಂದು ಕೇಳಿದಳು. ಬಾಣಲೆಯಿಂದ ತೆಗೆದ ಮಿರ್ಚಿ ಬಿಸಿ ಇತ್ತು, ಬಾಯಿ ಸುಟ್ಟುಕೊಳ್ಳುತ್ತಾ ತಿಂದಳು. ನಾನು ನನ್ನ ಪ್ಲೇಟನ್ನೂ ಅವಳ ಕಡೆ ಸರಿಸಿದೆ.